ಮಳೆನೀರನ್ನು ಬಿದ್ದಲ್ಲೇ ಹಿಡಿಯುವುದು ಹೇಗೆ: ನಗರದ ಮಳೆತೋಟಕ್ಕೊಂದು ಸಮಗ್ರ ಮಾರ್ಗದರ್ಶಿ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಅದು ಒಂದು ಲೀಟರ್ ನೀರು. ನಗರದ ಮಳೆನೀರಿನ ಬಗ್ಗೆ ಯೋಚಿಸುವವರು ಮೊದಲು ಬಾಯಿಪಾಠ ಮಾಡಬೇಕಾದ ಲೆಕ್ಕ ಇದು. 100 ಚದರ ಮೀಟರ್ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆಯಾದರೆ ಎರಡೂವರೆ ಸಾವಿರ ಲೀಟರ್. ಮಣ್ಣು, ಮರಗಿಡ ಇರುವ ನೆಲದಲ್ಲಿ ಇದರ ಬಹುಪಾಲು ಎಲೆಗಳ ಮೇಲೆ, ತರಗಿನ ಅಡಿಯಲ್ಲಿ, ಬೇರಿನ ಸಂದುಗಳಲ್ಲಿ ತಂಗಿ ನಿಧಾನವಾಗಿ ಕೆಳಗಿಳಿಯುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದದ್ದು ಕೆಲವೇ ನಿಮಿಷಗಳಲ್ಲಿ ಚರಂಡಿ ಸೇರುತ್ತದೆ. ಊರಿನ ಅಷ್ಟೂ ಚಾವಣಿಗಳು ಅವೇ ನಿಮಿಷಗಳಲ್ಲಿ ತಮ್ಮ ತಮ್ಮ ಪಾಲನ್ನು ಕಳಿಸುತ್ತವೆ. ಚರಂಡಿ ಉಕ್ಕುವುದು ಮಳೆ ಹೆಚ್ಚಾದ್ದರಿಂದ ಮಾತ್ರವಲ್ಲ, ಎಲ್ಲರ ನೀರೂ ಒಮ್ಮೆಗೇ ಬಂದಿದ್ದರಿಂದ.

ಚರಂಡಿಯನ್ನು ಅಗಲಗೊಳಿಸುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಆದರೆ ಅಗಲವಾದ ಚರಂಡಿ ನೀರನ್ನು ಇನ್ನಷ್ಟು ಬೇಗ ತಗ್ಗಿನ ಬಡಾವಣೆಗೆ ತಲುಪಿಸುತ್ತದೆ, ಅಷ್ಟೆ. ಒಳಚರಂಡಿ ಮತ್ತು ಮಳೆನೀರು ಒಂದೇ ಕೊಳವೆಯಲ್ಲಿ ಹರಿಯುವ ಹಳೆಯ ನಗರಗಳಲ್ಲಿ ಸಂಕಟ ಇನ್ನೂ ದೊಡ್ಡದು: ಜೋರು ಮಳೆಯ ದಿನ ಮಲಿನ ನೀರೇ ನದಿಗೆ ಉಕ್ಕುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರ 2011ರಲ್ಲಿ ಬೇರೆ ದಾರಿ ಹಿಡಿಯಿತು. ನೆಲದಡಿಯ ಬೃಹತ್ ಸುರಂಗಗಳನ್ನೇ ನೆಚ್ಚಿಕೊಳ್ಳದೆ, ಬೀದಿ, ಶಾಲೆ, ಉದ್ಯಾನ, ವಾಹನ ನಿಲ್ದಾಣಗಳಲ್ಲಿ ಮಳೆಯನ್ನು ಬಿದ್ದಲ್ಲೇ ಹಿಡಿಯುವ 25 ವರ್ಷಗಳ ಯೋಜನೆಯನ್ನು ಕೈಗೆತ್ತಿಕೊಂಡಿತು. ಸಿಯಾಟಲ್‌ನ ಒಂದು ವಸತಿ ಬೀದಿಯಲ್ಲಿ 2001ರ ಹೊತ್ತಿಗೇ ರಸ್ತೆಯನ್ನು ಕಿರಿದಾಗಿಸಿ, ಅಂಚುಗಳಲ್ಲಿ ಗಿಡಗಳ ತಗ್ಗುಗಳನ್ನು ಮಾಡಿದ್ದರು. ಆ ಬೀದಿಯಿಂದ ಹೊರಹರಿಯುವ ಮಳೆನೀರು ಶೇಕಡಾ 98ಕ್ಕೂ ಹೆಚ್ಚು ತಗ್ಗಿದ್ದನ್ನು ಅಳೆದು ದಾಖಲಿಸಿದ್ದಾರೆ.

ಈ ಬರಹದ ಕೇಂದ್ರದಲ್ಲಿರುವುದು ಮಳೆತೋಟ, ಅಂದರೆ ಸುತ್ತಲಿನ ನೀರನ್ನು ಬರಮಾಡಿಕೊಂಡು ಒಂದೆರಡು ದಿನಗಳಲ್ಲಿ ಇಂಗಿಸುವ, ಗಿಡಗಳಿರುವ ತಗ್ಗು. ಇದನ್ನು ಸರಿಯಾಗಿ ಕಲಿತರೆ ಉಳಿದ ವಿಧಾನಗಳು ಸುಲಭವಾಗಿ ಅರ್ಥವಾಗುತ್ತವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೋತ ಮಳೆತೋಟಗಳನ್ನು ನೋಡಿದರೆ ಗಿಡಗಳ ಆಯ್ಕೆ ತಪ್ಪಿ ಸೋತವು ಕಡಿಮೆ. ನೀರು ಒಳಬರುವ ಬಾಯಿಯ ಮಟ್ಟ ಎರಡು ಬೆರಳಿನಷ್ಟು ತಪ್ಪಿಯೋ, ಆ ಬಾಯಿಯನ್ನು ಗುಡಿಸುವವರಿಲ್ಲದೆಯೋ ಸೋತವೇ ಹೆಚ್ಚು. ಆದ್ದರಿಂದ ಹೂಗಿಡಗಳಿಗಿಂತ ಮಟ್ಟದ ಬಗ್ಗೆ ಇಲ್ಲಿ ಹೆಚ್ಚು ಹೇಳಿದ್ದೇನೆ.

## ಮೊದಲ ಹಂತ: ಮಳೆಯಲ್ಲೇ ನಿಂತು ನೋಡಿ

ನಕ್ಷೆಯಲ್ಲಿರುವ ಇಳಿಜಾರು ನೆಲದಲ್ಲಿ ಇರಲೇಬೇಕೆಂದಿಲ್ಲ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ಬನ್ನಿ. ಚಾವಣಿಯ ಯಾವ ಕೊಳವೆಯಿಂದ ಎಷ್ಟು ನೀರು ಇಳಿಯುತ್ತಿದೆ, ಅಂಗಳದಲ್ಲಿ ಯಾವ ಕಡೆಗೆ ಓಡುತ್ತಿದೆ, ಎಲ್ಲಿ ನಿಲ್ಲುತ್ತಿದೆ, ನಿಮ್ಮ ಜಾಗವನ್ನು ಎಲ್ಲಿ ಬಿಟ್ಟು ಹೋಗುತ್ತಿದೆ ಎಂಬುದನ್ನು ನೋಡಿ ಗೂಟ ನೆಟ್ಟು ಗುರುತು ಮಾಡಿ. ಮಳೆ ನಿಂತ ಮೇಲೆ ಉಳಿಯುವ ಕಸದ ಗೆರೆಗಳೂ ನೀರಿನ ದಾರಿಯನ್ನು ಹೇಳುತ್ತವೆ.

ಯಾವಾಗಲೂ ನೀರು ನಿಲ್ಲುವ ಕೊಚ್ಚೆ ಜಾಗವನ್ನೇ ಮಳೆತೋಟಕ್ಕೆ ಆರಿಸಿಕೊಳ್ಳಬೇಕೆಂದು ಅನೇಕರಿಗೆ ಅನ್ನಿಸುತ್ತದೆ. ಸಾಮಾನ್ಯವಾಗಿ ಅದು ತಪ್ಪು ಆಯ್ಕೆ. ಅಲ್ಲಿ ನೀರು ನಿಲ್ಲುತ್ತಿರುವುದೇ ಆ ಮಣ್ಣು ನೀರನ್ನು ಕುಡಿಯುವುದಿಲ್ಲ ಎಂಬುದಕ್ಕೆ ಸಾಕ್ಷಿ. ಅದಕ್ಕಿಂತ ಸ್ವಲ್ಪ ಮೇಲೆ, ನೀರು ಅಲ್ಲಿಗೆ ತಲುಪುವ ಮೊದಲೇ ಅಡ್ಡಹಾಕುವ ಜಾಗ ಒಳ್ಳೆಯದು.

ಈ ಹಂತದಲ್ಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿರುವ ಕಾಂಕ್ರೀಟಿನಲ್ಲಿ ಎಷ್ಟು ನಿಜವಾಗಿ ಬೇಕು? ಯಾರೂ ನಡೆಯದ, ಏನೂ ನಿಲ್ಲದ ಮೂಲೆಗಳಿಗೂ ಕಾಂಕ್ರೀಟ್ ಹಾಕಿರುತ್ತಾರೆ. ಅದನ್ನು ಒಡೆದು ತೆಗೆಯುವುದಕ್ಕಿಂತ ಅಗ್ಗದ, ಖಾತ್ರಿಯ ಉಪಾಯ ಬೇರೊಂದಿಲ್ಲ.

## ಎರಡನೆಯ ಹಂತ: ನೀರಿನ ಲೆಕ್ಕ

ಬಿದ್ದ ಮಳೆಯೆಲ್ಲ ಹರಿದು ಬರುವುದಿಲ್ಲ. ಚಾವಣಿಯಿಂದ ಸುಮಾರು ಶೇಕಡಾ 90, ಕಾಂಕ್ರೀಟ್ ಅಂಗಳದಿಂದ ಶೇಕಡಾ 85ರಷ್ಟು ಬರುತ್ತದೆ ಎಂದು ಹಿಡಿಯಬಹುದು. ಹುಲ್ಲಿನ ನೆಲದಿಂದ ಮರಳು ಮಣ್ಣಾದರೆ ಶೇಕಡಾ 10, ಜೇಡಿಮಣ್ಣಾದರೆ 30ರವರೆಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಾವಣಿ 100 ಚದರ ಮೀಟರ್, ಕಾಂಕ್ರೀಟ್ ಅಂಗಳ 50 ಚದರ ಮೀಟರ್, ಹಿಡಿಯಬೇಕಾದ ಮಳೆ 25 ಮಿಲಿಮೀಟರ್. ಚಾವಣಿಯಿಂದ 2,250 ಲೀಟರ್, ಅಂಗಳದಿಂದ ಸುಮಾರು 1,060 ಲೀಟರ್, ಒಟ್ಟು 3,300 ಲೀಟರ್ ಆಯಿತು.

ಇನ್ನು ತೋಟದ ಒಂದು ಚದರ ಮೀಟರ್ ಎಷ್ಟು ನೀರು ಹಿಡಿಯುತ್ತದೆ ನೋಡಿ. ಮೇಲೆ 15 ಸೆಂಟಿಮೀಟರ್ ಆಳ ನೀರು ನಿಲ್ಲುತ್ತದೆ. ಅದರ ಕೆಳಗೆ 50 ಸೆಂಟಿಮೀಟರ್ ಸಡಿಲ ಮಣ್ಣಿನ ಮಿಶ್ರಣವಿದ್ದರೆ, ಅದರ ಐದನೇ ಒಂದು ಭಾಗದಷ್ಟು ಖಾಲಿ ಸಂದು ನೀರಿಗೆ ಸಿಗುತ್ತದೆ ಎಂದು ಎಣಿಸಿದರೆ ಇನ್ನೂ 10 ಸೆಂಟಿಮೀಟರ್. ಎರಡೂ ಸೇರಿ 25 ಸೆಂಟಿಮೀಟರ್, ಅಂದರೆ ಚದರ ಮೀಟರಿಗೆ 250 ಲೀಟರ್. ತೋಟದ ಮೇಲೆಯೇ ಬೀಳುವ ಮಳೆಯನ್ನೂ ಸೇರಿಸಿ ಭಾಗಿಸಿದರೆ ಬೇಕಾಗುವ ಜಾಗ ಸುಮಾರು 15 ಚದರ ಮೀಟರ್. ಮೂರು ಮೀಟರ್ ಅಗಲ, ಐದು ಮೀಟರ್ ಉದ್ದದ ತುಂಡು. ನೀರು ಕಳಿಸುವ ಜಾಗದ ಹತ್ತನೇ ಒಂದು ಭಾಗ. ಸಾಮಾನ್ಯ ಮಣ್ಣಿನಲ್ಲಿ ಈ ಪ್ರಮಾಣ ಶೇಕಡಾ 5ರಿಂದ 10ರ ಒಳಗೆ ಬರುತ್ತದೆ, ಜೇಡಿಯಲ್ಲಿ 20ರವರೆಗೂ ಹೋಗಬಹುದು. ಬದಿಗಳನ್ನು ಇಳಿಜಾರಾಗಿ ಅಗೆಯುವುದರಿಂದ ತಗ್ಗಿನ ಧಾರಣೆ ಕಡಿಮೆಯಾಗುತ್ತದೆ. ಮೇಲಿನ ಅಳತೆಯನ್ನು ಅಷ್ಟರಮಟ್ಟಿಗೆ ಹಿಗ್ಗಿಸಿಕೊಳ್ಳಿ.

25 ಮಿಲಿಮೀಟರ್ ಏಕೆ, 100 ಏಕಲ್ಲ ಎಂದು ಕೇಳಬಹುದು. ವರ್ಷದ ಮಳೆಗಳಲ್ಲಿ ಹೆಚ್ಚಿನವು ಸಣ್ಣವು, ಮಧ್ಯಮದವು. ಅವುಗಳಷ್ಟನ್ನೂ ಹಿಡಿದರೆ ವರ್ಷದ ನೀರಿನ ಬಹುಭಾಗ ನಿಮ್ಮಲ್ಲೇ ಉಳಿಯುತ್ತದೆ. ರಸ್ತೆಯ ಎಣ್ಣೆ, ಟೈರಿನ ಪುಡಿ, ಧೂಳನ್ನು ಹೊತ್ತು ತರುವ ಮೊದಲ ಹರಿವೂ ಇದರೊಳಗೇ ಬರುತ್ತದೆ. ಫಿಲಡೆಲ್ಫಿಯಾ ತನ್ನ ಯೋಜನೆಯನ್ನು ಕಟ್ಟಿದ್ದೂ ಒಂದು ಅಂಗುಲ, ಅಂದರೆ ಸುಮಾರು 25 ಮಿಲಿಮೀಟರ್ ಮಳೆಯ ಲೆಕ್ಕದ ಮೇಲೆ. ನಿಮ್ಮ ಊರಿನ ಹಲವು ವರ್ಷಗಳ ದಿನವಾರು ಮಳೆ ದಾಖಲೆ ಸಿಕ್ಕರೆ ಅದನ್ನೇ ನೋಡಿ ಸಂಖ್ಯೆ ನಿರ್ಧರಿಸಿ.

## ಮೂರನೆಯ ಹಂತ: ಮಣ್ಣಿಗೆ ನೀರು ಕುಡಿಸಿ ನೋಡುವುದು

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ತೋಟ ಬರಬೇಕಾದಲ್ಲಿ, ಅದರ ತಳ ಎಷ್ಟು ಆಳದಲ್ಲಿರುತ್ತದೋ ಅಷ್ಟು ಆಳಕ್ಕೆ 30 ಸೆಂಟಿಮೀಟರ್ ಅಗಲದ ಗುಂಡಿ ತೋಡಿ. ಮೇಲ್ಮಣ್ಣಿನಲ್ಲಿ ಮಾಡಿದ ಪರೀಕ್ಷೆ ಕೆಳಗಿನ ಮಣ್ಣಿನ ಬಗ್ಗೆ ಏನನ್ನೂ ಹೇಳುವುದಿಲ್ಲ. 30 ಸೆಂಟಿಮೀಟರ್ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಒಣಮಣ್ಣು ಮೊದಲ ಸಲ ಆತುರದಿಂದ ಹೀರುತ್ತದೆ, ಅದನ್ನು ನಂಬಬಾರದು. ಮತ್ತೆ ತುಂಬಿ. ಈಗ ಒಂದು ಅಳತೆ ಕೋಲನ್ನು ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ಮೂರನೆಯ ಸಲವೂ ಮಾಡಿ, ಕೊನೆಯ ಅಳತೆಯನ್ನೇ ಹಿಡಿಯಿರಿ.

ಕಿರಿದಾದ ಗುಂಡಿಯಲ್ಲಿ ನೀರು ತಳದಿಂದ ಮಾತ್ರವಲ್ಲದೆ ಗೋಡೆಗಳಿಂದಲೂ ಇಂಗುತ್ತದೆ, ಹಾಗಾಗಿ ಅಳತೆ ಹೆಚ್ಚಾಗಿಯೇ ಬರುತ್ತದೆ. ವರ್ಷ ಕಳೆದಂತೆ ಹೂಳೂ ಸೇರುತ್ತದೆ. ಆದ್ದರಿಂದ ಸಿಕ್ಕಿದ್ದನ್ನು ಅರ್ಧ ಮಾಡಿ. ಗಂಟೆಗೆ 30 ಮಿಲಿಮೀಟರ್ ಇಳಿದಿದ್ದರೆ 15 ಎಂದು ಎಣಿಸಿ. ಆಗ 15 ಸೆಂಟಿಮೀಟರ್ ನೀರು ಸುಮಾರು ಹತ್ತು ಗಂಟೆಗಳಲ್ಲಿ ಮರೆಯಾಗುತ್ತದೆ. ಅರ್ಧ ಮಾಡಿದ ಮೇಲೂ 12 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಅದಕ್ಕಿಂತ ಕಡಿಮೆಯಾದರೆ ತಳದಲ್ಲಿ ನೀರು ಹೊರಗೊಯ್ಯುವ ಕೊಳವೆ ಬೇಕು. ಅದರ ಮಾತು ಮುಂದೆ ಬರುತ್ತದೆ.

ನೀರು ನಿಂತರೆ ಸೊಳ್ಳೆ ಬರುವುದಿಲ್ಲವೇ ಎಂಬ ಭಯ ಎಲ್ಲರಿಗೂ ಇದೆ, ಇರಬೇಕಾದದ್ದೇ. ಮೊಟ್ಟೆ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ವಾತಾವರಣದಲ್ಲೂ ಸುಮಾರು ಒಂದು ವಾರ ಬೇಕು. 48 ಗಂಟೆಗಳಲ್ಲಿ ಬತ್ತುವ ತಗ್ಗಿನಲ್ಲಿ ಅದು ಆಗುವುದಿಲ್ಲ. ಬತ್ತದೆ ಇದ್ದರೆ ಅದು ಮಳೆತೋಟವಲ್ಲ, ದುರಸ್ತಿ ಬೇಡುವ ಗುಂಡಿ.

## ನಾಲ್ಕನೆಯ ಹಂತ: ಜಾಗ ಗೊತ್ತುಮಾಡುವುದು

ಕಟ್ಟಡದ ಅಡಿಪಾಯದಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ಮಲಗುಂಡಿಯ ಮೇಲೆ, ಕುಡಿಯುವ ನೀರಿನ ಬಾವಿಯ ಹತ್ತಿರ, ಕಡಿದಾದ ಇಳಿಜಾರಿನ ತಲೆಯ ಮೇಲೆ ಬೇಡ. ದೊಡ್ಡ ಮರದ ಬುಡದಲ್ಲಿ ಅಗೆದು ಬೇರು ಕಡಿಯುವುದು ಇರುವ ಮಳೆನೀರು ವ್ಯವಸ್ಥೆಯನ್ನೇ ಕೊಂದಂತೆ. ಅಂತರ್ಜಲ ಮೇಲೆದ್ದು ಬರುವ ಕಾಲದಲ್ಲೂ ತೋಟದ ತಳಕ್ಕೂ ನೀರಿಗೂ ಒಂದು ಮೀಟರ್ ಅಂತರ ಬೇಕು. ಪೆಟ್ರೋಲ್ ಬಂಕ್, ಗ್ಯಾರೇಜ್, ಕಾರ್ಖಾನೆಯ ಅಂಗಳ ಅಥವಾ ಹಿಂದೆ ವಿಷದ ಕಸ ಹೂತ ನೆಲವಾಗಿದ್ದರೆ ನೀರನ್ನು ಇಂಗಿಸಲೇಬಾರದು. ಅಲ್ಲಿ ತಳಕ್ಕೆ ನೀರು ಬಿಡದ ಹಾಳೆ ಹಾಸಿ, ಸೋಸಿದ ನೀರನ್ನು ಕೊಳವೆಯಿಂದ ಹೊರಗೆ ಸಾಗಿಸಬೇಕು. ಅಗೆಯುವ ಮೊದಲು ನೆಲದಡಿಯ ಕೇಬಲ್ ಮತ್ತು ಕೊಳವೆಗಳ ಮಾಹಿತಿ ಪಡೆಯಿರಿ.

## ಐದನೆಯ ಹಂತ: ಮಟ್ಟ ಮತ್ತು ಅಗೆತ

ಹೊರಹೋಗುವ ದಾರಿಯಿಂದ ಶುರುಮಾಡಿ. ಕೆರೆಗೆ ಕೋಡಿ ಇರುವಂತೆ ಮಳೆತೋಟಕ್ಕೂ ಕೋಡಿ ಬೇಕು. ತೋಟ ತುಂಬಿದ ಮೇಲೆ ಉಳಿದ ನೀರು ಅಲ್ಲಿಂದ ಸುರಕ್ಷಿತವಾಗಿ ಚರಂಡಿಗೋ ಮುಂದಿನ ತಗ್ಗಿಗೋ ಹೋಗಬೇಕು, ಮನೆಯ ಬಾಗಿಲಿಗಲ್ಲ, ಪಕ್ಕದವರ ಗೋಡೆಗೂ ಅಲ್ಲ.

ಅಂಗಳದ ಅಂಚಿನ ಮಟ್ಟವನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ನೀರು ಒಳಬರುವ ಬಾಯಿ ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ. ಕೋಡಿ 10 ಸೆಂಟಿಮೀಟರ್ ಕೆಳಗೆ. ತೋಟದ ಮುಗಿದ ಮೇಲ್ಮೈ, ಮುಚ್ಚಿಗೆಯನ್ನೂ (ಮಣ್ಣಿನ ಮೇಲೆ ಹರಡುವ ತೊಗಟೆಯ ಹೊದಿಕೆ) ಹಾಸಿದ ಮೇಲೆ, 25 ಸೆಂಟಿಮೀಟರ್ ಕೆಳಗೆ. ಹೀಗಿದ್ದರೆ ತೋಟದಲ್ಲಿ 15 ಸೆಂಟಿಮೀಟರ್ ನೀರು ನಿಂತ ಮೇಲೆ ಕೋಡಿ ಹರಿಯುತ್ತದೆ, ಬಾಯಿಗೆ ಹಿಮ್ಮುಖವಾಗಿ ನುಗ್ಗುವುದಿಲ್ಲ. ಬಾಯಿಯಲ್ಲಿ ಆ 5 ಸೆಂಟಿಮೀಟರ್ ಇಳಿತ ಏಕೆಂದರೆ, ನೀರಿನೊಡನೆ ಬರುವ ಎಲೆ, ಮರಳು, ಮಣ್ಣು ಮೊದಲು ಬೀಳುವುದು ಅಲ್ಲೇ. ಇಳಿತವಿಲ್ಲದೆ ಸಮಮಟ್ಟವಾಗಿ ಮಾಡಿದ ಬಾಯಿಯ ಮುಂದೆ ಒಂದೇ ಮಳೆಗಾಲದಲ್ಲಿ ಪುಟ್ಟ ಒಡ್ಡು ಕಟ್ಟಿಕೊಳ್ಳುತ್ತದೆ. ಆಮೇಲೆ ನೀರು ತೋಟದ ಪಕ್ಕದಲ್ಲೇ ಹಾದು ಚರಂಡಿಗೆ ಹೋಗುತ್ತದೆ. ತೋಟ ಹಸಿರಾಗಿಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ರಸ್ತೆ ಅಂಚಿನ ಕಲ್ಲನ್ನು ಕತ್ತರಿಸಿ ಬಾಯಿ ಮಾಡುವಾಗ ಅಗಲ 45 ಸೆಂಟಿಮೀಟರಿಗೆ ಕಡಿಮೆ ಬೇಡ. ಕಿರಿದಾದ ಬಾಯಿಯನ್ನು ಮುಚ್ಚಿಹಾಕಲು ಒಂದು ಪ್ಲಾಸ್ಟಿಕ್ ಚೀಲ ಸಾಕು.

ಮಟ್ಟ ನೋಡಲು ದುಬಾರಿ ಯಂತ್ರವೇನೂ ಬೇಡ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಕಣ್ಣಂದಾಜು ಮಾತ್ರ ಬೇಡ.

ಮಣ್ಣು ಒಣಗಿರುವಾಗ ಅಗೆಯಿರಿ. ಒದ್ದೆ ಜೇಡಿಯಲ್ಲಿ ಸನಿಕೆ ಎಳೆದರೆ ತಳ ನುಣ್ಣಗೆ ಮೆತ್ತಿಕೊಂಡು ನೀರಿಗೆ ಬಾಗಿಲು ಹಾಕುತ್ತದೆ. ಯಂತ್ರ ತರಿಸಿದರೆ ಅದು ಹೊರಗೇ ನಿಂತು ಕೈಚಾಚಿ ಅಗೆಯಲಿ, ತಗ್ಗಿನೊಳಗೆ ಚಕ್ರ ಇಳಿಯಕೂಡದು. ಆಳ ತಲುಪಿದ ಮೇಲೆ ತಳವನ್ನು ಹಾರೆಯಿಂದಲೋ ಗುದ್ದಲಿಯ ಮೊನೆಯಿಂದಲೋ ಒಂದು ಗೇಣಿನಷ್ಟು ಕೆದಕಿ ಸಡಿಲಗೊಳಿಸಿ. ತಳ ಸಮತಟ್ಟಾಗಿರಲಿ, ಒಂದು ಕಡೆ ತಗ್ಗಾದರೆ ನೀರೆಲ್ಲ ಅಲ್ಲೇ ಸೇರಿ ಉಳಿದ ಭಾಗ ವ್ಯರ್ಥವಾಗುತ್ತದೆ. ಕಟ್ಟಡದ ಕೆಲಸ ನಡೆಯುತ್ತಿದ್ದರೆ ಅದು ಮುಗಿದು ನೆಲವೆಲ್ಲ ಗಟ್ಟಿಯಾಗುವವರೆಗೆ ತೋಟಕ್ಕೆ ನೀರು ಬಿಡಬೇಡಿ. ಸಿಮೆಂಟ್ ರಾಡಿ ಒಮ್ಮೆ ಇಳಿದರೆ ಮತ್ತೆ ಅಗೆಯುವುದೊಂದೇ ಗತಿ.

## ಆರನೆಯ ಹಂತ: ಒಳಗೆ ಏನು ತುಂಬಬೇಕು

ಪರೀಕ್ಷೆಯಲ್ಲಿ ಮಣ್ಣು ಚೆನ್ನಾಗಿ ನೀರು ಕುಡಿದಿದ್ದರೆ ಅದನ್ನು ತೆಗೆದು ಎಸೆಯಬೇಡಿ. ಸಡಿಲಿಸಿ, ಸ್ವಲ್ಪ ಕಳಿತ ಗೊಬ್ಬರ ಬೆರೆಸಿ ಅದರಲ್ಲೇ ನೆಡಿ. ಇಲ್ಲವಾದರೆ ಮಿಶ್ರಣ ಬೇಕು: ತೊಳೆದ ದಪ್ಪ ಮರಳು ಶೇಕಡಾ 60ರಷ್ಟು, ಜೇಡಿ ಕಡಿಮೆ ಇರುವ ಮೇಲ್ಮಣ್ಣು 25ರಿಂದ 30, ಚೆನ್ನಾಗಿ ಕಳಿತ ಕಾಂಪೋಸ್ಟ್ 10ರಿಂದ 15. ಗಿಡ ಚೆನ್ನಾಗಿ ಬರಲಿ ಎಂದು ಗೊಬ್ಬರ ಸುರಿಯುವ ಆಸೆಗೆ ಬೀಳಬೇಡಿ. ಹೆಚ್ಚಾದ ಗೊಬ್ಬರದಿಂದ ಸಾರಜನಕ, ರಂಜಕಗಳು ಕರಗಿ ನೀರಿನೊಡನೆ ಹೋಗಿ ಕೆರೆಗಳಲ್ಲಿ ಪಾಚಿ ಬೆಳೆಸುತ್ತವೆ. ನೀರು ಸೋಸಲು ಮಾಡಿದ ತೋಟವೇ ನೀರನ್ನು ಕೆಡಿಸಿದಂತಾಗುತ್ತದೆ. 20 ಸೆಂಟಿಮೀಟರಿಗೊಂದು ಪದರದಂತೆ ತುಂಬಿ, ನೀರು ಚಿಮುಕಿಸಿ ತಾನಾಗಿ ಕೂರಲು ಬಿಡಿ. ತುಳಿಯಬೇಡಿ, ದಮ್ಮಸು ಹಾಕಬೇಡಿ.

ನೀರು ಇಂಗದ ನೆಲದಲ್ಲಿ ತಳಕ್ಕೆ 20–25 ಸೆಂಟಿಮೀಟರ್ ತೊಳೆದ ಜಲ್ಲಿ ಹಾಕಿ, ಅದರೊಳಗೆ 100 ಮಿಲಿಮೀಟರ್ ವ್ಯಾಸದ ತೂತಿರುವ ಕೊಳವೆ ಮಲಗಿಸಿ ಹೊರಚರಂಡಿಗೆ ಜೋಡಿಸಿ. ಆ ಕೊಳವೆಯ ಹೊರತುದಿಯನ್ನು ಮೊಣಕೈ ಜೋಡಣೆಯಿಂದ ಮೇಲಕ್ಕೆ ತಿರುಗಿಸಿದರೆ ಜಲ್ಲಿಯ ಪದರದಲ್ಲಿ ಸದಾ ಸ್ವಲ್ಪ ನೀರು ನಿಲ್ಲುತ್ತದೆ. ಗಾಳಿಯಾಡದ ಆ ಪದರದಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಬೇಸಿಗೆಯಲ್ಲಿ ಬೇರುಗಳಿಗೂ ಅದೇ ನೀರು ಆಸರೆ. ಮಣ್ಣಿಗೂ ಜಲ್ಲಿಗೂ ನಡುವೆ ಬಟ್ಟೆಯಂಥ ಸೋಸುಹಾಳೆ ಹಾಸುವ ರೂಢಿ ಇದೆ, ಅದು ಬೇಡ. ಸಣ್ಣ ಕಣಗಳು ಆ ಹಾಳೆಯನ್ನೇ ಮೊದಲು ಮುಚ್ಚುತ್ತವೆ. ಬದಲಿಗೆ ದಪ್ಪ ಜಲ್ಲಿಯ ಮೇಲೆ 5–10 ಸೆಂಟಿಮೀಟರ್ ಸಣ್ಣ ಜಲ್ಲಿಯ ಪದರ ಹಾಕಿ.

ಈ ಮಣ್ಣಿನ ಶಕ್ತಿ ಎಷ್ಟೆಂದು ತೋರಿಸುವ ಒಂದು ಸಂಗತಿ ಹೇಳಲೇಬೇಕು. ಅಮೆರಿಕದ ವಾಯವ್ಯ ಕರಾವಳಿಯ ನಗರಗಳ ತೊರೆಗಳಲ್ಲಿ ಮಳೆ ಬಂದ ಕೂಡಲೇ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಟೈರುಗಳಲ್ಲಿ ಬಳಸುವ ಒಂದು ರಾಸಾಯನಿಕ ಗಾಳಿಯ ಓಜೋನ್ ತಗುಲಿ 6ಪಿಪಿಡಿ-ಕ್ವಿನೋನ್ ಎಂಬ ವಿಷವಾಗುತ್ತದೆ, ಕೊಲ್ಲುತ್ತಿರುವುದು ಅದೇ ಎಂದು 2020ರಲ್ಲಿ ತಿಳಿಯಿತು. ಅದಕ್ಕೂ ಮೊದಲೇ ಸಂಶೋಧಕರು ಅದೇ ರಸ್ತೆ ನೀರನ್ನು ಮರಳು, ಕಾಂಪೋಸ್ಟ್ ಬೆರೆತ ಮಣ್ಣಿನ ಮೂಲಕ ಇಳಿಸಿ ಮೀನುಗಳನ್ನು ಬಿಟ್ಟು ನೋಡಿದ್ದರು. ಅವು ಬದುಕಿದವು.

## ಏಳನೆಯ ಹಂತ: ಗಿಡಗಳು

ಮಳೆತೋಟ ಕೊಳವಲ್ಲ. ವರ್ಷದ ಹೆಚ್ಚಿನ ದಿನ ಅದು ಒಣಗಿರುತ್ತದೆ. ತಾವರೆ, ಆಪಿನಂಥ ಸದಾ ನೀರು ಬೇಡುವ ಗಿಡಗಳು ಇಲ್ಲಿ ಬದುಕುವುದಿಲ್ಲ. ಎರಡು ದಿನ ಬುಡ ಮುಳುಗಿದರೂ, ಎರಡು ತಿಂಗಳು ಮಳೆ ಬಾರದಿದ್ದರೂ ತಾಳುವ ಸ್ಥಳೀಯ ಗಿಡಗಳನ್ನು ಹುಡುಕಿ. ಹೊಳೆದಂಡೆಯ ಹುಲ್ಲು, ಪೊದೆಗಳನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಬಿಸಿ ಪ್ರದೇಶಗಳಲ್ಲಿ ಲಾವಂಚ ಒಳ್ಳೆಯ ಆಯ್ಕೆ: ಬೇರು ನೇರವಾಗಿ ಆಳಕ್ಕಿಳಿದು ಮಣ್ಣಿನಲ್ಲಿ ನೀರಿನ ದಾರಿಗಳನ್ನು ತೆರೆದಿಡುತ್ತದೆ. ತಳದಲ್ಲಿ ಮುಳುಗು ತಾಳುವವು, ಬದಿಯ ಇಳಿಜಾರಿನಲ್ಲಿ ಮಧ್ಯಮದವು, ಏರಿಯ ಮೇಲೆ ಬರ ತಾಳುವವು. ಒತ್ತಾಗಿ ನೆಟ್ಟರೆ ಕಳೆ ತೆಗೆಯುವ ಕೆಲಸ ಕಡಿಮೆ. ಮುಚ್ಚಿಗೆಗೆ ಮರದ ತೆಳು ಚಕ್ಕೆಗಳು ಬೇಡ, ತೇಲಿ ಹೋಗಿ ಕೋಡಿಯನ್ನು ಕಟ್ಟುತ್ತವೆ. ನಾರುನಾರಾಗಿ ಸೀಳಿದ ತೊಗಟೆಯನ್ನು 5 ಸೆಂಟಿಮೀಟರ್ ದಪ್ಪ ಹಾಸಿ. ಮೊದಲ ವರ್ಷ ಮಳೆಯಿಲ್ಲದಾಗ ಎಲ್ಲ ಗಿಡಗಳಿಗೂ ನೀರು ಹಾಕಬೇಕು.

## ತೋಟಕ್ಕೆ ಜಾಗವೇ ಇಲ್ಲದಿದ್ದರೆ

ನೀರು ಇಳಿಯುವ ನೆಲಹಾಸು ವಾಹನ ನಿಲ್ಲಿಸುವ ಜಾಗಕ್ಕೆ ತಕ್ಕದ್ದು. ಗುಟ್ಟು ಮೇಲಿನ ಕಲ್ಲಿನಲ್ಲಿಲ್ಲ, ಅಡಿಯ ಜಲ್ಲಿಯಲ್ಲಿದೆ. ಪುಡಿಯಿಲ್ಲದ, ಒಂದೇ ಗಾತ್ರದ ಜಲ್ಲಿಯಲ್ಲಿ ಸುಮಾರು ಶೇಕಡಾ 40ರಷ್ಟು ಖಾಲಿ ಸಂದು ಇರುತ್ತದೆ. 30 ಸೆಂಟಿಮೀಟರ್ ದಪ್ಪದ ಪದರ 120 ಮಿಲಿಮೀಟರ್ ಮಳೆಯನ್ನು ಹಿಡಿದಿಡಬಲ್ಲದು. ಕಲ್ಲುಗಳ ನಡುವಿನ ಸಂದಿಗೆ ಮರಳು ತುಂಬಿದರೆ ಎಲ್ಲವೂ ಕೆಟ್ಟಿತು, ಸಣ್ಣ ಜಲ್ಲಿಚೂರನ್ನೇ ತುಂಬಬೇಕು. ಪಕ್ಕದ ಬರಿಮಣ್ಣು ಕೊಚ್ಚಿ ಬರುವ ಜಾಗದಲ್ಲಿ ಈ ಹಾಸು ಹಾಕಲೇಬೇಡಿ.

ಹಸಿರು ಚಾವಣಿಯ ತೆಳುವಾದ ಬಗೆಯೂ ನೀರುಂಡಾಗ ಚದರ ಮೀಟರಿಗೆ 100 ಕಿಲೋ ಆಸುಪಾಸು ತೂಗುತ್ತದೆ. ಕಟ್ಟಡ ಎಂಜಿನಿಯರರ ಒಪ್ಪಿಗೆಯಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಮೇಲೇರಿಸಬೇಡಿ. ಮಳೆನೀರು ತೊಟ್ಟಿ ಎಲ್ಲರಿಗೂ ಪರಿಚಿತ. ಆದರೆ ಮಳೆ ಬರುವ ಮುನ್ನ ಖಾಲಿ ಇದ್ದರೆ ಮಾತ್ರ ಅದು ಪ್ರವಾಹಕ್ಕೆ ತಡೆ. ತುಂಬಿದ ತೊಟ್ಟಿಗೂ ಕಾಂಕ್ರೀಟ್ ನೆಲಕ್ಕೂ ವ್ಯತ್ಯಾಸವಿಲ್ಲ.

## ಎಂಟನೆಯ ಹಂತ: ದೊಡ್ಡ ಮಳೆಗೆ ದಾರಿ

ಮಳೆತೋಟಗಳು ಎಲ್ಲ ಪ್ರವಾಹವನ್ನೂ ತಡೆಯುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೀನಾದ ಝೆಂಗ್‌ಝೌ ಮಳೆನೀರನ್ನು ಸ್ಪಂಜಿನಂತೆ ಹೀರಿ ಹಿಡಿದಿಡುವ ‘ಸ್ಪಂಜು ನಗರ’ ಯೋಜನೆಗೆ ಅಪಾರ ಹಣ ಹೂಡಿದ್ದ ನಗರ. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಸುರಿಯಿತು, ಮೆಟ್ರೋ ಸುರಂಗಕ್ಕೂ ನೀರು ನುಗ್ಗಿ ಜನ ಸತ್ತರು. ಅಂಥ ಮಳೆಯನ್ನು ಇಂಗಿಸುವ ಮಾತೇ ಇಲ್ಲ. ಅದು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂದು ಮೊದಲೇ ತೀರ್ಮಾನಿಸುವುದಷ್ಟೇ ನಮ್ಮ ಕೈಯಲ್ಲಿದೆ.

ಕೋಪನ್‌ಹೇಗನ್ ಈ ಪಾಠವನ್ನು 2011ರ ಜುಲೈ 2ರ ಮಳೆಯಿಂದ ಕಲಿಯಿತು. ಮರುವರ್ಷವೇ ಸಿದ್ಧವಾದ ಅವರ ಯೋಜನೆಯಲ್ಲಿ ಗುರಿ ಬಹಳ ಸ್ಪಷ್ಟವಾಗಿದೆ: ನೂರು ವರ್ಷಗಳಿಗೊಮ್ಮೆ ಬರುವಂಥ ಮಳೆಯಲ್ಲೂ ಬೀದಿಯಲ್ಲಿ 10 ಸೆಂಟಿಮೀಟರಿಗಿಂತ ಹೆಚ್ಚು ನೀರು ನಿಲ್ಲಬಾರದು. ಅದಕ್ಕಾಗಿ ಕೆಲವು ಬೀದಿಗಳನ್ನೇ ತುರ್ತು ಕಾಲುವೆಗಳಂತೆ, ಉದ್ಯಾನಗಳನ್ನು ತಾತ್ಕಾಲಿಕ ಕೆರೆಗಳಂತೆ ರೂಪಿಸಿದರು. ರಾಟರ್‌ಡ್ಯಾಮ್‌ನ ಬೆಂಥೆಮ್‌ಪ್ಲೇನ್ ಚೌಕ 2013ರಿಂದ ಬಿಸಿಲಿನ ದಿನ ಆಟದ ಅಂಗಳ, ಮಳೆಯ ದಿನ ಸುಮಾರು 17 ಲಕ್ಷ ಲೀಟರಿನ ತೊಟ್ಟಿ. ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರ್ ಬಳಸಿ ಹರಿಯುವ ಹೊಳೆಯಾಗಿಸಿದ್ದಾರೆ. ನೀರೇರಿದರೆ ಉದ್ಯಾನ ಮುಳುಗುತ್ತದೆ, ಮನೆಗಳು ಮುಳುಗುವುದಿಲ್ಲ.

ನಿಮ್ಮ ಬೀದಿಯ ಮಟ್ಟಿಗೆ ಇದರ ಅರ್ಥ ಸರಳ. ಪ್ರತಿ ತೋಟದ ಕೋಡಿ ಮುಂದಿನ ತೋಟದ ಬಾಯಿಗೆ ಸೇರಲಿ, ಕೊನೆಯ ಕೋಡಿ ಮೈದಾನಕ್ಕೋ ಕಾಲುವೆಗೋ ಹೋಗಲಿ. ಆ ದಾರಿಯಲ್ಲಿ ಗೋಡೆ, ಉಬ್ಬು, ನೆಲಮಾಳಿಗೆಯ ಬಾಗಿಲು ಅಡ್ಡ ಬರದಂತೆ ಈಗಲೇ ನಡೆದು ನೋಡಿ. ಸಾರ್ವಜನಿಕ ಜಾಗವಾದರೆ ಸ್ಥಳೀಯ ಆಡಳಿತದ ಲಿಖಿತ ಅನುಮತಿ ಬೇಕು. ಅದರಲ್ಲೇ ಉಸ್ತುವಾರಿ ಯಾರದೆಂದೂ ಬರೆಸಿಕೊಳ್ಳಿ.

## ಒಂಬತ್ತನೆಯ ಹಂತ: ಉಸ್ತುವಾರಿ

ಮೊದಲ ದೊಡ್ಡ ಮಳೆಯಲ್ಲಿ ತೋಟದ ಪಕ್ಕದಲ್ಲೇ ನಿಲ್ಲಿ. ನೀರು ಬಾಯಿಯಿಂದಲೇ ಒಳಬರುತ್ತಿದೆಯೇ, ಮಣ್ಣು ಕೊರೆಯುತ್ತಿದೆಯೇ, ಕೋಡಿ ಎಣಿಸಿದ ಜಾಗದಲ್ಲೇ ಹರಿಯಿತೇ ಎಂದು ನೋಡಿ. ಕೊರೆಯುತ್ತಿದ್ದರೆ ಬಾಯಿಯ ಕೆಳಗೆ ಮುಷ್ಟಿಗಾತ್ರದ ಕಲ್ಲುಗಳನ್ನು ಹಾಸಿ, ಅಲ್ಲೊಂದು ಪುಟ್ಟ ಹೂಳುಗುಂಡಿ ಮಾಡಿ. ಕಸವೆಲ್ಲ ಅಲ್ಲೇ ನಿಲ್ಲುವುದರಿಂದ ಗುಡಿಸುವುದೂ ಸುಲಭ.

ಮಳೆಗಾಲದಲ್ಲಿ ಪ್ರತಿ ಜೋರು ಮಳೆಯ ನಂತರ ಬಾಯಿ ಮತ್ತು ಕೋಡಿಯ ಕಸ ತೆಗೆಯಿರಿ. ಎಲೆ ಉದುರುವ ಕಾಲದಲ್ಲಿ ವಾರಕ್ಕೊಮ್ಮೆ. ಹೂಳುಗುಂಡಿ ಅರ್ಧ ತುಂಬಿದಾಗ ಬಳಿಯಿರಿ. ಮೊದಲ ಎರಡು ವರ್ಷ ಕಳೆ ಕೀಳುವುದು ತಪ್ಪದು, ಗಿಡಗಳು ಕೂಡಿಕೊಂಡ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಮುಚ್ಚಿಗೆಯನ್ನು ವರ್ಷಕ್ಕೊಮ್ಮೆ ನೋಡಿ, ತೆಳುವಾದಲ್ಲಿ ಮಾತ್ರ ಸೇರಿಸಿ. ಪ್ರತಿ ವರ್ಷ ಸುರಿಯುತ್ತಾ ಹೋದರೆ ನೀರು ನಿಲ್ಲುವ ಆಳವೇ ಮುಗಿದುಹೋಗುತ್ತದೆ. ರಾಸಾಯನಿಕ ಗೊಬ್ಬರ, ಕಳೆನಾಶಕ ಎರಡೂ ಬೇಡ.

ಮಳೆ ನಿಂತು ಎರಡು ದಿನವಾದರೂ ನೀರು ನಿಂತಿದ್ದರೆ ಇಡೀ ತೋಟವನ್ನು ಅಗೆಯಲು ಹೊರಡಬೇಡಿ. ಸಾಮಾನ್ಯವಾಗಿ ಕಟ್ಟಿಕೊಂಡಿರುವುದು ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ. ಒಣಗಿದ ಮೇಲೆ ಮುಚ್ಚಿಗೆ ಸರಿಸಿ ಮೇಲಿನ 5 ಸೆಂಟಿಮೀಟರ್ ಕೆರೆದು ತೆಗೆದು, ಹೊಸ ಮಿಶ್ರಣ ಹಾಕಿ, ಮತ್ತೆ ನೀರು ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ. ರಸ್ತೆಯ ನೀರು ಬರುತ್ತಿದ್ದ ತೋಟವಾದರೆ ಕೆರೆದು ತೆಗೆದ ಮಣ್ಣಿನಲ್ಲಿ ಭಾರಲೋಹ ಸೇರಿರುತ್ತದೆ. ಅದನ್ನು ತರಕಾರಿ ಪಾತಿಗೆ ಹಾಕದೆ ಬೇರೆಯಾಗಿ ವಿಲೇವಾರಿ ಮಾಡಿ.